ಐಸಿಯುನಲ್ಲಿ ಹಗಲು ರಾತ್ರಿ ಅದಲು ಬದಲಾದ ಪೇಷಂಟ್: ಮನೆಯವ್ರು ಏನೇನ್ ಮಾಡ್ಬಹುದು

ಐಸಿಯು ಹೊರಗೆ ಚೇರ್ ಮೇಲೆ ಕಾಯ್ತಾ ಕೂತಿರೋ ಮನೆಯವ್ರು ಒಳಗೆ ಕೆಲಸ ಮಾಡೋ ನಮ್ಮಂಥ ನರ್ಸ್‌ಗಳನ್ನ ಕೇಳೋದು ಮುಖ್ಯವಾಗಿ ಮೂರೇ ಪ್ರಶ್ನೆ. ಬಿಪಿ ಎಷ್ಟಿದೆ, ವಾರ್ಡ್‌ಗೆ ಯಾವಾಗ ಶಿಫ್ಟ್ ಮಾಡ್ತೀರಾ, ಮೂರನೇದು "ಸಿಸ್ಟರ್, ಅಪ್ಪ ಹಗಲೆಲ್ಲ ಮಲಗೇ ಇರ್ತಾರೆ, ರಾತ್ರಿ ಆದ್ರೆ ಎದ್ದು ಟ್ಯೂಬ್ ಕಿತ್ಕೊಳ್ತಾರಂತೆ, ಒಂದ್ ನಿದ್ದೆ ಮಾತ್ರೆ ಕೊಟ್ಬಿಡಿ". ಈ ಮೂರನೇ ಪ್ರಶ್ನೆಗೆ ವಿಸಿಟಿಂಗ್ ಟೈಮಲ್ಲಿ ನಿಂತ್ಕೊಂಡು ಸರಿಯಾಗಿ ಉತ್ತರ ಕೊಡೋಷ್ಟು ಪುರುಸೊತ್ತು ನಮಗೆ ಯಾವತ್ತೂ ಸಿಗಲ್ಲ, ಹಾಗಾಗಿ ಇಲ್ಲಿ ಬರೀತಿದೀನಿ.

ಉತ್ತರ ಚಿಕ್ಕದಾಗಿ ಹೇಳ್ಬೇಕು ಅಂದ್ರೆ, ರಾತ್ರಿ ಬಗ್ಗೆ ತಲೆ ಕೆಡಿಸ್ಕೊಳ್ಳೋದನ್ನ ಸ್ವಲ್ಪ ಕಮ್ಮಿ ಮಾಡಿ ಹಗಲಿನ ಕಡೆ ನೋಡಿ. ರಾತ್ರಿ ನಿಮ್ಮ ಕೈಯಲ್ಲಿಲ್ಲ, ನೀವು ಒಳಗೇ ಇರಲ್ಲ. ಹಗಲು ಮಾತ್ರ ಒಂದಿಷ್ಟು ನಿಮ್ಮ ಕೈಯಲ್ಲಿದೆ.

ಮಾಡೋದಕ್ಕೆ ಮುಂಚೆ, ಒಳಗೆ ಕೆಟ್ಟಿರೋದು ಏನು ಅಂತ ತಿಳ್ಕೊಳ್ಳಿ

ನಮ್ಮ ಮೆದುಳಲ್ಲಿ ಹೈಪೋಥಲಮಸ್ ಅನ್ನೋ ಜಾಗದಲ್ಲಿ, ಎರಡೂ ಕಣ್ಣಿಂದ ಬರೋ ನರಗಳು ಸೇರೋ ಕಡೆ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಗುಂಪಿದೆ. ಅದೇ ಮೇನ್ ಗಡಿಯಾರ. ಅದರ ಸುತ್ತು ಕರೆಕ್ಟಾಗಿ 24 ಗಂಟೆ ಅಲ್ಲ, ಹೆಚ್ಚಿನವ್ರಲ್ಲಿ ಒಂಚೂರು ಜಾಸ್ತಿ, ಅದಕ್ಕೇ ಅದನ್ನ ದಿನಾ ಸೆಟ್ ಮಾಡ್ಬೇಕಾಗತ್ತೆ, ಸೆಟ್ ಮಾಡೋದು ಮುಖ್ಯವಾಗಿ ಬೆಳಗಿನ ಬೆಳಕು. ಕಣ್ಣಿನ ರೆಟಿನಾದಲ್ಲಿ (ಕಣ್ಣಿನ ಒಳಪದರ) ಮೆಲನಾಪ್ಸಿನ್ ಅನ್ನೋ ಬೆಳಕು ಗ್ರಹಿಸೋ ವಸ್ತು ಇರೋ ಬೇರೇನೇ ಕೋಶಗಳಿವೆ, ಅವುಗಳ ಮುಖ್ಯ ಕೆಲಸ ಈಗ ಹೊರಗೆ ಎಷ್ಟು ಬೆಳಕಿದೆ ಅಂತ ಆ ಗಡಿಯಾರಕ್ಕೆ ವರದಿ ಮಾಡೋದು. ಕತ್ತಲಾದ್ರೆ, ಮೈಗೆ ರಾತ್ರಿ ಆಯ್ತು ಅಂತ ಹೇಳೋ ಮೆಲಟೋನಿನ್ ಹಾರ್ಮೋನ್ ಏರತ್ತೆ, ಬೆಳಗಿನ ಜಾವ ಮೈ ಬಿಸಿ ಎಲ್ಲಕ್ಕಿಂತ ಕಮ್ಮಿ ಇರತ್ತೆ, ಏಳೋ ಹೊತ್ತಿಗೆ ಮೈಯನ್ನ ಎಚ್ಚರಕ್ಕೆ ಸಜ್ಜು ಮಾಡೋ ಕಾರ್ಟಿಸಾಲ್ ಹಾರ್ಮೋನ್ ಮೇಲಕ್ಕೆ ಬರತ್ತೆ. ಇದಲ್ದೆ ಲಿವರ್, ಕರುಳು, ಹೃದಯ ಹೀಗೆ ಬಹುತೇಕ ಎಲ್ಲ ಅಂಗಗಳಿಗೂ ಅವುಗಳದ್ದೇ ಸಣ್ಣ ಗಡಿಯಾರಗಳಿವೆ, ಇವು ಊಟದ ಟೈಮ್ ನೋಡ್ಕೊಂಡೂ ನಡೀತವೆ. ಜೀವಕೋಶದ ಒಳಗೆ ಈ ಗಡಿಯಾರ ಹೇಗೆ ನಡೆಯತ್ತೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ, ಜೆಫ್ರಿ ಹಾಲ್, ಮೈಕೆಲ್ ರಾಸ್ಬಾಷ್, ಮೈಕೆಲ್ ಯಂಗ್, 2017ರ ವೈದ್ಯಕೀಯ ನೊಬೆಲ್ ಬಂತು. ನಮ್ಮ ಬೆಂಗಳೂರಿನ ಜಕ್ಕೂರಲ್ಲಿರೋ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲೂ ಇದೇ ನೊಣಗಳ ಗಡಿಯಾರದ ಮೇಲೆ ಬಹಳ ವರ್ಷದಿಂದ ಕೆಲಸ ನಡೆದಿದೆ, ಇದು ಎಷ್ಟೋ ಜನ ಬೆಂಗಳೂರಿನವ್ರಿಗೇ ಗೊತ್ತಿಲ್ಲ.

ಈಗ ಐಸಿಯುಗೆ ಬನ್ನಿ. ಹೊರಗೆ ಬಿಸಿಲಲ್ಲಿ ನಿಂತ್ರೆ ಬೆಳಕು ಹತ್ತು ಸಾವಿರ ಲಕ್ಸ್‌ಗಿಂತ (ಲಕ್ಸ್ ಅಂದ್ರೆ ಬೆಳಕು ಅಳೆಯೋ ಮಾಪನ) ಮೇಲೆ, ನಡುಮಧ್ಯಾಹ್ನ ಲಕ್ಷದ ಹತ್ರ ಹೋಗತ್ತೆ. ಐಸಿಯು ಬೆಡ್ ಮೇಲೆ ಮಲಗಿರೋರ ಕಣ್ಣಿಗೆ ಹಗಲಲ್ಲಿ ಸಿಗೋದು ಎಷ್ಟೋ ಕಡೆ ಇನ್ನೂರು ಲಕ್ಸ್‌ಗಿಂತ ಕಮ್ಮಿ. ನಮ್ಮಂಥವ್ರಿಗೆ ಅದು ಝಗಮಗ ಅನ್ಸತ್ತೆ, ಗಡಿಯಾರದ ಲೆಕ್ಕದಲ್ಲಿ ಅದು ಮುಸ್ಸಂಜೆ. ರಾತ್ರಿ ಪೂರ್ತಿ ಕತ್ತಲೂ ಇಲ್ಲ, ಎರಡು ಗಂಟೆಗೆ ಪಕ್ಕದ ಬೆಡ್‌ಗೆ ಎಮರ್ಜೆನ್ಸಿ ಬಂದ್ರೆ ಎಲ್ಲ ಲೈಟೂ ಆನ್. ಅಂದ್ರೆ ಪೇಷಂಟ್‌ಗೆ 24 ಗಂಟೆಯೂ ಒಂದೇ ಥರ ಮುಸ್ಸಂಜೆ. ಇದರ ಮೇಲೆ ಮೂಗಿಂದ ಹೊಟ್ಟೆಗೆ ಹಾಕಿರೋ ರೈಲ್ಸ್ ಟ್ಯೂಬ್‌ನಲ್ಲಿ ರಾತ್ರಿ ಹಗಲು ಫೀಡ್ ಹೋಗ್ತಿರತ್ತೆ, ಹಾಗಾಗಿ ಲಿವರ್‌ಗೂ ರಾತ್ರಿ ಯಾವುದು ಅಂತ ಗೊತ್ತಾಗಲ್ಲ. ಸೆಡೇಷನ್ ಔಷಧಿ, ಅಂದ್ರೆ ಮಂಪರು ಬರಿಸೋ ಔಷಧಿ, ಬೇರೆ. ಸೋಂಕಿಂದ ಇಡೀ ದೇಹವೇ ಏರುಪೇರಾಗಿ ಸೆಪ್ಸಿಸ್ ಆದೋರಲ್ಲಂತೂ ಮೆಲಟೋನಿನ್‌ನ ಏರಿಳಿತವೇ ಚಪ್ಪಟೆ ಆಗಿರತ್ತೆ, ಅಂದ್ರೆ ರೂಮು ಎಷ್ಟೇ ಚೆನ್ನಾಗಿದ್ರೂ ಕಾಯಿಲೆನೇ ಗಡಿಯಾರ ಕೆಡಿಸಿರತ್ತೆ.

ಶಬ್ದದ ವಿಷಯ ಎಲ್ರಿಗೂ ಗೊತ್ತು. ಪೇಷಂಟ್ ರೂಮಲ್ಲಿ ರಾತ್ರಿ 30 ಡೆಸಿಬಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ನಿಜವಾದ ಐಸಿಯುಗಳಲ್ಲಿ ಅಳೆದ್ರೆ 50ರ ಮೇಲೇ ಇರತ್ತೆ. ಆದ್ರೆ ಒಂದು ವಿಷ್ಯ ಗಮನಿಸಿ, 2003ರಲ್ಲಿ ಕೆನಡಾದವ್ರು ವೆಂಟಿಲೇಟರ್‌ನಲ್ಲಿದ್ದ ಪೇಷಂಟ್‌ಗಳ ನಿದ್ದೆ ರೆಕಾರ್ಡ್ ಮಾಡಿ ನೋಡಿದಾಗ ಶಬ್ದ, ನಾವು ಹೋಗಿ ಮುಟ್ಟೋದು ತಿರುಗಿಸೋದು ಎರಡೂ ಸೇರಿಸಿದ್ರೂ ಒಟ್ಟು ಎಚ್ಚರಗಳಲ್ಲಿ 30 ಪರ್ಸೆಂಟ್‌ನೂ ದಾಟಲಿಲ್ಲ. ಉಳಿದಿದ್ದಕ್ಕೆಲ್ಲ ಕಾಯಿಲೆ, ನೋವು, ಔಷಧಿ, ಮಷೀನ್ ಜೊತೆ ಉಸಿರು ಹೊಂದದೇ ಇರೋದು, ಹೀಗೆ ಬೇರೆ ಬೇರೆ ಕಾರಣ ಇರ್ಬಹುದು. ಅದಕ್ಕೇ "ಸಿಸ್ಟರ್‌ಗಳು ರಾತ್ರಿ ಜೋರಾಗಿ ಮಾತಾಡ್ತಾರೆ, ಅದಕ್ಕೇ ಅಪ್ಪಂಗೆ ನಿದ್ದೆ ಬಂದಿಲ್ಲ" ಅನ್ನೋ ಕಂಪ್ಲೇಂಟ್ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ.

ಹಾಗಂತ ಇವರು ನಿದ್ದೆನೇ ಮಾಡಲ್ಲ ಅಂತಲ್ಲ. 24 ಗಂಟೆ ಕೂಡಿಸಿದ್ರೆ ಎಷ್ಟೋ ಪೇಷಂಟ್‌ಗಳು ಏಳೆಂಟು ಗಂಟೆ ಮಲಗಿರ್ತಾರೆ, ಆದ್ರೆ ಅದರಲ್ಲಿ ಹೆಚ್ಚುಕಮ್ಮಿ ಅರ್ಧ ಹಗಲು ಹೊತ್ತಲ್ಲಿ, ಅದೂ ತುಂಡು ತುಂಡಾಗಿ, ಮೇಲ್ಮೇಲಿನ ನಿದ್ದೆ. ಮೈಗೆ ಬೇಕಾದ ಗಾಢ ನಿದ್ದೆ, ಕನಸಿನ ನಿದ್ದೆ ಎರಡೂ ಬಹಳ ಕಮ್ಮಿ.

ಹಂತ 1: ಅಡ್ಮಿಟ್ ಆದ ಮೊದಲ ದಿನವೇ ಒಂದು ಹಾಳೆ ಬರೆದು ಕೊಡಿ

ಇದನ್ನ ಮಾಡೋರು ತುಂಬಾ ಕಮ್ಮಿ, ಮಾಡಿದ್ರೆ ನಮಗೆ ಸಿಗೋ ಸಹಾಯ ತುಂಬಾ ಜಾಸ್ತಿ. ಒಂದು ಎ4 ಹಾಳೆ, ದಪ್ಪ ಅಕ್ಷರ. ಮನೇಲಿ ಎಷ್ಟೊತ್ತಿಗೆ ಮಲಗ್ತಾರೆ, ಎಷ್ಟೊತ್ತಿಗೆ ಏಳ್ತಾರೆ, ಮಧ್ಯಾಹ್ನ ಮಲಗೋ ಅಭ್ಯಾಸ ಇದೆಯಾ. ಹೊಲದ ಕೆಲಸದವ್ರು ನಾಲ್ಕೂವರೆಗೇ ಏಳ್ತಾರೆ, ಅವರು ಆ ಹೊತ್ತಲ್ಲಿ ಎದ್ದು ಕೂತ್ಕೊಳ್ಳೋಕೆ ನೋಡಿದ್ರೆ ಅದು ಗಲಾಟೆ ಅಲ್ಲ, ಅದು ಅವರ ಬೆಳಗು. ನೈಟ್ ಶಿಫ್ಟ್ ಮಾಡೋ ಕ್ಯಾಬ್ ಡ್ರೈವರ್, ಕಾಲ್ ಸೆಂಟರ್, ಸೆಕ್ಯೂರಿಟಿ ಕೆಲಸದವ್ರಾದ್ರೆ ಅದನ್ನೂ ಬರೀರಿ, ಅವರ ಗಡಿಯಾರ ಬರೋವಾಗ್ಲೇ ಉಲ್ಟಾ ಇರ್ಬಹುದು. ಮನೇಲಿ ಏನಂತ ಕರೀತಾರೆ, ಅಜ್ಜ ಅಂದ್ರೆ ತಿರುಗ್ತಾರಾ, ಮೇಷ್ಟ್ರೇ ಅಂದ್ರೆ ತಿರುಗ್ತಾರಾ. ಯಾವ ಕಿವಿ ಕೇಳಲ್ಲ. ಕಣ್ಣಿಗೆ ಪೊರೆ ಇದೆಯಾ (ಪೊರೆ ಇದ್ರೆ ಗಡಿಯಾರಕ್ಕೆ ಬೇಕಾದ ಬೆಳಕೂ ಒಳಗೆ ಕಮ್ಮಿ ಹೋಗತ್ತೆ).

ಅದೇ ಹಾಳೆಯಲ್ಲಿ ಅಲ್ಲದಿದ್ರೂ ಡಾಕ್ಟರ್ ಹತ್ರ ಒಬ್ಬೊಬ್ಬರೇ ಇದ್ದಾಗ ಹೇಳ್ಲೇಬೇಕಾದ್ದು ಎರಡಿದೆ. ಒಂದು, ದಿನಾ ಕುಡಿಯೋ ಅಭ್ಯಾಸ ಇದೆಯಾ, ಇದ್ರೆ ಎಷ್ಟು, ಕೊನೆಯದಾಗಿ ಕುಡಿದಿದ್ದು ಯಾವಾಗ. ದಿನಾ ಕುಡಿಯೋರು ಸಡನ್ನಾಗಿ ನಿಲ್ಲಿಸಿದ್ರೆ ಎರಡರಿಂದ ನಾಲ್ಕು ದಿನದೊಳಗೆ ಕೈ ನಡುಗೋದು, ಹುಳ ಹರಿದಾಡಿದಂಗೆ ಕಾಣೋದು, ಫಿಟ್ಸ್, ಎಲ್ಲ ಬರ್ಬಹುದು, ಜೀವಕ್ಕೇ ಅಪಾಯ ಇದೆ, ಚಿಕಿತ್ಸೇನೂ ಇದೆ, ಆದ್ರೆ ನಮಗೆ ಗೊತ್ತಿರ್ಬೇಕಲ್ಲ. ಮರ್ಯಾದೆ ಪ್ರಶ್ನೆ ಅಂತ ಮುಚ್ಚಿಟ್ಟು ಮೂರನೇ ದಿನ ರಾತ್ರಿ ಪೇಷಂಟ್ ಬೆಡ್‌ನಿಂದ ಇಳಿಯೋಕೆ ಹೋದಾಗ "ಹಾಂ, ಸ್ವಲ್ಪ ತಗೋತಾರೆ" ಅಂತ ಹೇಳೋದು ಬೇಡ. ಎರಡು, ವರ್ಷಗಟ್ಟಲೆ ನಿದ್ದೆಗೋ ಆತಂಕಕ್ಕೋ ಅಂತ ಆಲ್ಪ್ರಜೋಲಾಂ, ಕ್ಲೋನಜೆಪಾಂ ಥರದ ಮಾತ್ರೆ ನುಂಗ್ತಿದ್ರೆ ಅದು, ಯಾಕಂದ್ರೆ ಅದನ್ನ ಒಮ್ಮೆಲೇ ನಿಲ್ಸಿದ್ರೂ ಇದೇ ಕಥೆ.

ಭಾಷೆ ಬಗ್ಗೆ ಬೇರೆಯಾಗೇ ಹೇಳ್ತೀನಿ. ಬೆಂಗಳೂರಿನ ಐಸಿಯುಗಳಲ್ಲಿ ಸಿಸ್ಟರ್‌ಗಳು ಅರ್ಧಕ್ಕರ್ಧ ಕೇರಳದವ್ರು, ಈಶಾನ್ಯ ರಾಜ್ಯದವ್ರು, ಪೇಷಂಟ್ ಬೀದರ್ ಕಡೆ ಅಜ್ಜಿ. ಅಜ್ಜಿ ಏನೋ ಹೇಳ್ತಾರೆ, ಸಿಸ್ಟರ್‌ಗೆ ಅರ್ಥ ಆಗಲ್ಲ, ಅಜ್ಜಿ ಜೋರು ಮಾಡ್ತಾರೆ, ಕೇಸ್ ಶೀಟಲ್ಲಿ "ಇರಿಟಬಲ್" ಅಂತ ಬೀಳತ್ತೆ. ಅವರಿಗೆ ಬೇಕಾಗಿದ್ದು ಒಂದಕ್ಕೆ ಹೋಗೋದು ಅಷ್ಟೇ. ನೀರು, ನೋವು, ಚಳಿ, ಒಂದಕ್ಕೆ, ಎರಡಕ್ಕೆ, ಉಸಿರು ಕಟ್ತಿದೆ, ಇಂಥ ಹತ್ತು ಮಾತನ್ನ ನಿಮ್ಮ ಮನೆ ಮಾತಲ್ಲೇ, ಕನ್ನಡ, ತುಳು, ಲಂಬಾಣಿ, ಉರ್ದು ಯಾವುದಾದ್ರೂ ಸರಿ, ಸಿಸ್ಟರ್ ಓದೋ ಲಿಪಿಯಲ್ಲಿ ಬರ್ಕೊಟ್ಟು ಬೆಡ್ ತಲೆ ಕಡೆ ಅಂಟಿಸೋಕೆ ಹೇಳಿ.

ಹಂತ 2: ಕನ್ನಡಕ, ಕಿವಿ ಮಷೀನು ವಾಪಸ್ ತನ್ನಿ

ಅಡ್ಮಿಷನ್ ಟೈಮಲ್ಲಿ ಒಡವೆ, ವಾಚು, ಕನ್ನಡಕ, ಹಲ್ಲು ಸೆಟ್ಟು, ಹಿಯರಿಂಗ್ ಏಡ್ ಎಲ್ಲ ಒಂದು ಕವರ್‌ಗೆ ಹಾಕಿ ಮನೆಯವ್ರ ಕೈಗೆ ಕೊಡ್ತೀವಿ, ನೀವು ಅದನ್ನ ಬೀರುವಲ್ಲಿ ಇಡ್ತೀರಾ. ಒಡವೆ ಅಲ್ಲೇ ಇರ್ಲಿ. ಪೇಷಂಟ್ ಕಣ್ಬಿಟ್ಟ ದಿನವೇ ಕನ್ನಡಕ, ಹೊಸ ಬ್ಯಾಟರಿ ಹಾಕಿದ ಕಿವಿ ಮಷೀನು ಹೆಸರು ಬರೆದ ಡಬ್ಬಿಯಲ್ಲಿ ತಂದ್ಕೊಡಿ. ಕಣ್ಣೂ ಮಸುಕು ಕಿವಿಯೂ ಮಂದ ಇದ್ದೋರಿಗೆ ಹಗಲು ಅನ್ನೋದು ಒಳಗೆ ಹೋಗೋಕೆ ದಾರಿನೇ ಇಲ್ಲ.

ಹಂತ 3: ಬೆಳಗ್ಗೆ ಹೊತ್ತು ನಿಮ್ಮದು

ವಿಸಿಟಿಂಗ್ ಟೈಮ್ ಹೆಚ್ಚಿನ ಕಡೆ ಬೆಳಗ್ಗೆ ಒಂದ್ಸಲ, ಸಂಜೆ ಒಂದ್ಸಲ. ನಮ್ಮಲ್ಲಿ ಏನಾಗತ್ತೆ ಅಂದ್ರೆ ಬೆಳಗ್ಗೆ ಒಬ್ರು ಓಡ್ಬಂದು ಮುಖ ನೋಡ್ಕೊಂಡು ಆಫೀಸಿಗೆ ಹೋಗ್ತಾರೆ, ಸಂಜೆ ಇಡೀ ಬಳಗ ಬಾಳೆಹಣ್ಣು ಹಿಡ್ಕೊಂಡು ಬರತ್ತೆ. ಇದನ್ನ ಉಲ್ಟಾ ಮಾಡಿ. ಪೇಷಂಟ್ ಜೊತೆ ಚೆನ್ನಾಗಿ ಮಾತಾಡೋರು, ಅವರಿಗೆ ತುಂಬಾ ಹತ್ತಿರದೋರು ಬೆಳಗ್ಗೆ ಬರ್ಲಿ. ಸಂಜೆ ಒಬ್ರು ಇಬ್ರು ಸಾಕು, ಅದೂ ಮೆತ್ತಗೆ.

ಬಂದ ತಕ್ಷಣ ಮಾಡೋದು: ಕಿಟಕಿ ಇದ್ರೆ ಪರದೆ ಸರಿಸೋಕೆ ಕೇಳಿ, ಎಷ್ಟೋ ಕಡೆ ಕಿಟಕಿ ಇದ್ರೂ ಪರದೆ ಹಗಲಲ್ಲೂ ಮುಚ್ಚೇ ಇರತ್ತೆ, ಯಾರೂ ಬೇಕಂತ ಮಾಡಿದ್ದಲ್ಲ, ಯಾರೂ ತೆಗೆದಿಲ್ಲ ಅಷ್ಟೇ. ಬೆಡ್‌ನ ತಲೆ ಭಾಗ ಎತ್ತಿಸಿ, ಮುಖ ಬೆಳಕಿನ ಕಡೆ ಇರ್ಲಿ. ಕಿಟಕಿ ಬೆಡ್ ಖಾಲಿ ಆದ್ರೆ ನಮ್ಮ ಪೇಷಂಟ್‌ಗೆ ಸಿಗತ್ತಾ ಅಂತ ಇನ್‌ಚಾರ್ಜ್ ಸಿಸ್ಟರ್‌ನ ಕೇಳಿ, ಸಿಗದೇ ಇರ್ಬಹುದು, ಕೇಳೋದಕ್ಕೆ ದುಡ್ಡೇನಿಲ್ಲ. ಕಿಟಕಿ ಇಲ್ಲದ ಐಸಿಯು ಆದ್ರೆ, ಬೇಸ್‌ಮೆಂಟಲ್ಲಿರೋವು ನಮ್ಮ ಊರಲ್ಲಿ ಬೇಕಾದಷ್ಟಿವೆ, ಬೆಳಗ್ಗೆಯಿಂದ ಸಂಜೆವರೆಗೂ ಬೆಡ್ ಮೇಲಿನ ಲೈಟ್ ಪೂರ್ತಿ ಹಾಕಿಡೋಕೆ ಹೇಳಿ.

ಬೆಳಕು ಒಂದೇ ಎಲ್ಲ ಸರಿ ಮಾಡ್ಬಿಡತ್ತೆ ಅಂತ ಮಾತ್ರ ನಾನು ಹೇಳಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ಐಸಿಯು ರೂಮ್‌ಗಳಿಗೆ ಹಗಲು ಜೋರಾಗಿ ಸಂಜೆ ಮಂದವಾಗೋ ದುಬಾರಿ ಲೈಟ್ ಸಿಸ್ಟಮ್ ಹಾಕಿ 700ಕ್ಕೂ ಹೆಚ್ಚು ಪೇಷಂಟ್‌ಗಳಲ್ಲಿ ಟ್ರಯಲ್ ಮಾಡಿದ್ರು, 2016ರಲ್ಲಿ ರಿಸಲ್ಟ್ ಬಂತು, ಡೆಲಿರಿಯಂ (ಕಾಯಿಲೆಯಲ್ಲಿ ತಾತ್ಕಾಲಿಕವಾಗಿ ಬರೋ ಗೊಂದಲ, ಮುಂದೆ ಹೇಳ್ತೀನಿ) ಕಮ್ಮಿ ಆಗ್ಲಿಲ್ಲ. ಬೆಳಕು, ಓಡಾಟ, ಮಾತು, ಊಟದ ಹೊತ್ತು, ರಾತ್ರಿ ಕತ್ತಲು, ಕಮ್ಮಿ ಸೆಡೇಷನ್, ಇವೆಲ್ಲ ಒಟ್ಟಿಗೆ ಬಂದಾಗ ಪ್ರಯೋಜನ ಆಗೋ ಸಾಧ್ಯತೆ ಜಾಸ್ತಿ. ದೊಡ್ಡ ಐಸಿಯು ಸಂಸ್ಥೆಗಳ ಗೈಡ್‌ಲೈನೂ ಒಂದೊಂದನ್ನೇ ನೆಚ್ಕೋಬೇಡಿ, ಸೇರಿಸಿ ಮಾಡಿ ಅಂತಲೇ ಹೇಳತ್ತೆ.

ಆಮೇಲೆ ಕ್ಯಾಲೆಂಡರ್. ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನ ಆ ದಪ್ಪ ಅಂಕಿಗಳಷ್ಟು ಐಸಿಯುಗೆ ಹೇಳಿ ಮಾಡಿಸಿದ್ದು ಇನ್ನೊಂದಿಲ್ಲ, ಪೇಷಂಟ್ ಕಾಲ ಕಡೆ ಗೋಡೆಗೆ ಹಾಕೋಕೆ ಒಪ್ಪಿಗೆ ಕೇಳಿ, ಕಣ್ಣಿಗೆ ಕಾಣೋ ಹಾಗೆ ಒಂದು ಗೋಡೆ ಗಡಿಯಾರ. ಪರ್ಮಿಷನ್ ಸಿಗದಿದ್ರೆ ವೈಟ್ ಬೋರ್ಡಲ್ಲಿ ವಾರ, ತಾರೀಖು, ಊರು, ಆಸ್ಪತ್ರೆ ಹೆಸರು ದಿನಾ ಬರೀರಿ.

ಹಂತ 4: ಮಾತಾಡಿ, ಪರೀಕ್ಷೆ ಮಾಡ್ಬೇಡಿ

"ನಾನ್ಯಾರು ಹೇಳಿ ನೋಡೋಣ? ಇವತ್ತು ಯಾವ ವಾರ?" ಅಂತ ಬಂದೋರೆಲ್ಲ ಕ್ವಿಜ್ ಮಾಡ್ತಾರೆ. ಉತ್ತರ ತಪ್ಪಿದ್ರೆ ಮನೆಯವ್ರು ಅಳ್ತಾರೆ, ಪೇಷಂಟ್ ಹೆದರ್ತಾರೆ. ಕೇಳೋ ಬದ್ಲು ನೀವೇ ಹೇಳಿ: "ಅಪ್ಪಾ, ನಾನು ನಿನ್ನ ಚಿಕ್ಕ ಮಗಳು, ಈಗ ಗುರುವಾರ ಬೆಳಗ್ಗೆ ಹನ್ನೊಂದು ಗಂಟೆ, ನೀನು ಆಸ್ಪತ್ರೇಲಿದೀಯ, ನ್ಯುಮೋನಿಯಾ ಆಗಿತ್ತು, ಈಗ ಕಮ್ಮಿ ಆಗ್ತಿದೆ, ಗಂಟಲಲ್ಲಿ ಪೈಪ್ ಇರೋದಕ್ಕೆ ಮಾತು ಬರ್ತಿಲ್ಲ, ಅದನ್ನ ತೆಗೀತಾರೆ." ಆಮೇಲೆ ಹೊರಗಿನ ಸುದ್ದಿ, ಮಳೆ ಬಂತಾ, ಹಸು ಕರು ಹಾಕ್ತಾ, ಮ್ಯಾಚ್ ಏನಾಯ್ತು. ಪ್ರಜ್ಞೆ ಇಲ್ಲ ಅನ್ಸಿದ್ರೂ ಹೇಳಿ, ಸೆಡೇಷನ್‌ನಲ್ಲಿ ಇದ್ದೋರಿಗೂ ಎಷ್ಟೋ ಸಲ ಕೇಳಿಸಿರತ್ತೆ. ಜಮೀನು, ಬಿಲ್ಲು, ಯಾರು ಎಷ್ಟು ದುಡ್ಡು ಹಾಕಿದ್ರು ಅನ್ನೋದನ್ನ ಬೆಡ್ ಪಕ್ಕ ಮಾತ್ರ ಬೇಡ, ದಯವಿಟ್ಟು.

ಗೋಡೆ ಮೇಲೆ ಇರುವೆ ಕಾಣ್ತಿದೆ, ಸಿಸ್ಟರ್ ನನ್ನ ಕೊಲ್ಲೋಕೆ ಬಂದಿದಾರೆ ಅಂದ್ರೆ ವಾದ ಮಾಡ್ಬೇಡಿ, ಹೌದು ಹೌದು ಅಂತಾನೂ ಅನ್ಬೇಡಿ. "ನಿಂಗೆ ಹಾಗೆ ಕಾಣ್ತಿದೆ, ಭಯ ಆಗತ್ತೆ, ನಂಗೇನೂ ಕಾಣ್ತಿಲ್ಲ, ನಾನಿಲ್ಲೇ ಇದೀನಿ", ಇಷ್ಟು ಸಾಕು.

ಇದಕ್ಕೆ ಡೆಲಿರಿಯಂ ಅಂತಾರೆ. ಗಾಳಿ ಸೋಕಿದ್ದಲ್ಲ, ಹುಚ್ಚೂ ಅಲ್ಲ, ದೇಹಕ್ಕೆ ಜೋರಾಗಿ ಕಾಯಿಲೆ ಆದಾಗ ಮೆದುಳೂ ತಾತ್ಕಾಲಿಕವಾಗಿ ಕೈಕೊಡೋದು. ವೆಂಟಿಲೇಟರ್‌ನಲ್ಲಿ ಇರೋರಲ್ಲಿ ಕೆಲವು ಅಧ್ಯಯನಗಳ ಪ್ರಕಾರ 80 ಪರ್ಸೆಂಟ್‌ವರೆಗೂ ಆಗತ್ತೆ. ಗಲಾಟೆ ಮಾಡೋರು ಎಲ್ರ ಕಣ್ಣಿಗೂ ಬೀಳ್ತಾರೆ, ಆದ್ರೆ ಸುಮ್ಮನೆ ಮಂಕಾಗಿ, ಕರೆದ್ರೆ ನಿಧಾನಕ್ಕೆ ತಿರುಗಿ, ಮತ್ತೆ ಕಣ್ಮುಚ್ಚೋ ಪೇಷಂಟ್‌ಗೂ ಡೆಲಿರಿಯಂ ಇರ್ಬಹುದು, ಅದು ನಮ್ಮ ಕಣ್ಣಿಂದನೂ ತಪ್ಪಿಸ್ಕೊಳ್ಳತ್ತೆ. "ಪಾಪ ಶಾಂತವಾಗಿ ಮಲಗಿದಾರೆ" ಅಂತ ನಾವು ಅಂದ್ಕೊಂಡಿರ್ತೀವಿ, ನಿಮಗೆ "ಇದು ನಮ್ಮಮ್ಮ ಇರೋ ರೀತಿ ಅಲ್ಲ" ಅನ್ಸಿದ್ರೆ ಆ ಮಾತನ್ನ ಡಾಕ್ಟರ್‌ಗೆ ಹೇಳಿ. ಕೈ ಹಿಡ್ಕೊಂಡು ಅಕ್ಷರ ಓದಿ, ಒಂದು ಅಕ್ಷರ ಬಂದಾಗ ಮಾತ್ರ ಒತ್ತೋಕೆ ಹೇಳೋ ಟೆಸ್ಟ್ ನಮ್ಮ ಹತ್ರ ಇದೆ, ಎರಡು ನಿಮಿಷದ ಕೆಲಸ, ಮಾಡಿದೀರಾ ಅಂತ ಕೇಳ್ಬಹುದು.

ಹಂತ 5: ಕೂರಿಸೋದು, ನಡೆಸೋದು, ಊಟದ ಹೊತ್ತು

ಫಿಸಿಯೋಥೆರಪಿಸ್ಟ್ ಯಾವಾಗ ಬರ್ತಾರೆ ಅಂತ ಕೇಳಿಟ್ಕೊಂಡು ಆ ಹೊತ್ತಿಗೆ ಹೋಗಿ. ಹಗಲು ಬೆಡ್ ಅಂಚಲ್ಲಿ ಕೂತೋರಿಗೆ, ಚೇರ್‌ಗೆ ಇಳಿದೋರಿಗೆ ರಾತ್ರಿ ನಿದ್ದೆ ಬರೋ ಚಾನ್ಸ್ ಜಾಸ್ತಿ, ಇದಕ್ಕೆ ರಿಸರ್ಚ್ ಬೇಕಾ. "ಪಾಪ ಸುಸ್ತಾಗತ್ತೆ, ಮಲಗಿರ್ಲಿ ಬಿಡಿ" ಅಂತ ಫಿಸಿಯೋನ ವಾಪಸ್ ಕಳಿಸೋ ಮನೆಯವ್ರನ್ನ ಕಂಡ್ರೆ ನಂಗೆ ಸಂಕಟ ಆಗತ್ತೆ.

ಊಟದ ಬಗ್ಗೆ: ಟ್ಯೂಬ್ ಫೀಡ್ ರಾತ್ರಿ ಗ್ಯಾಪ್ ಕೊಟ್ಟು ಹಗಲಲ್ಲಿ ಕೊಡೋಕಾಗತ್ತಾ ಅಂತ ಡಾಕ್ಟರ್ ಅಥವಾ ಡಯಟಿಷಿಯನ್‌ನ ಕೇಳಿ, ಕೇಳೋದಷ್ಟೇ, ಹಟ ಬೇಡ, ಯಾಕಂದ್ರೆ ಇನ್ಸುಲಿನ್ ಹೋಗ್ತಿರೋರಿಗೆ ಫೀಡ್ ನಿಂತ್ರೆ ಶುಗರ್ ಕುಸೀಬಹುದು. ಬಾಯಿಂದ ತಿನ್ನೋ ಹಂತಕ್ಕೆ ಬಂದ್ಮೇಲೆ ಮನೆ ಹೊತ್ತಿಗೇ ತಿಂಡಿ, ಮನೆ ಹೊತ್ತಿಗೇ ಊಟ. ಡಾಕ್ಟರ್ ಓಕೆ ಅಂದ್ರೆ ಬೆಳಗ್ಗೆ ಕಾಫಿನೂ ಕೊಡಿ, ಬೆಳಗ್ಗೆ ಮಾತ್ರ.

ಹಂತ 6: ರಾತ್ರಿಗೆ ಏನು ಕೇಳ್ಬಹುದು

ರಾತ್ರಿ ನಾವೇನು ಮಾಡ್ತೀವಿ ಅಂತ ನಿಮಗೆ ಗೊತ್ತಿದ್ರೆ ಸರಿಯಾಗಿ ಕೇಳೋಕಾಗತ್ತೆ. ಪ್ರತಿ ಗಂಟೆ ಬಿಪಿ, ಯೂರಿನ್ ಲೆಕ್ಕ, ಎರಡು ಗಂಟೆಗೊಮ್ಮೆ ಬೆನ್ನು ಹುಣ್ಣಾಗ್ದಂಗೆ ಮಗ್ಗುಲು ಬದಲಾಯಿಸೋದು, ಸಕ್ಷನ್ (ಪೈಪ್ ಹಾಕಿ ಕಫ ತೆಗೆಯೋದು), ಶುಗರ್ ಚೆಕ್, ಮುಂಜಾನೆ ರೌಂಡ್ಸ್ ಒಳಗೆ ರಿಪೋರ್ಟ್ ಬೇಕು ಅಂತ ನಾಲ್ಕು ಗಂಟೆಗೇ ರಕ್ತ ತೆಗೆಯೋದು, ಡೇ ಶಿಫ್ಟ್ ಬರೋಷ್ಟ್ರಲ್ಲಿ ಪೇಷಂಟ್ ನೀಟಾಗಿರ್ಬೇಕು ಅಂತ ಕತ್ತಲಲ್ಲೇ ಸ್ಪಾಂಜ್ ಬಾತ್. ಇದರಲ್ಲಿ ಮೊದಲ ಅರ್ಧ ಜೀವ ಉಳಿಸೋ ಕೆಲಸ. ಕೊನೆಯ ಎರಡು ಬಹಳಷ್ಟು ಸಲ ನಮ್ಮ ಅನುಕೂಲಕ್ಕೆ, ಇದನ್ನ ನಾನು ನರ್ಸ್ ಆಗಿದ್ಕೊಂಡೇ ಹೇಳ್ತಿದೀನಿ.

ಅದಕ್ಕೇ ಕೇಳೋ ರೀತಿ ಹೀಗಿರ್ಲಿ, ಕ್ರಿಟಿಕಲ್ ಹಂತ ದಾಟಿದ ಮೇಲೆ, ರೌಂಡ್ಸ್ ಟೈಮಲ್ಲಿ ಡಾಕ್ಟರ್ ಎದುರಿಗೆ: "ಸರ್, ಸ್ಟೇಬಲ್ ಇದಾರೆ ಅಂದ್ರಲ್ಲ, ರಾತ್ರಿ 12ರಿಂದ 4ರವರೆಗೆ ಅತ್ಯಗತ್ಯ ಅಲ್ಲದ್ದನ್ನೆಲ್ಲ ಬಿಟ್ಟು ಮಲಗೋಕೆ ಬಿಡೋಕಾಗತ್ತಾ? ರಕ್ತ ಆರು ಗಂಟೆಗೆ ತೆಗೀಬಹುದಾ? ಸ್ನಾನ ಹಗಲಿಗೆ ಹಾಕ್ಬಹುದಾ?" ಡಾಕ್ಟರ್ ಹೂಂ ಅಂದು ಆರ್ಡರ್ ಬರೆದ್ರೆ ನೈಟ್ ಸಿಸ್ಟರ್‌ಗೆ ಅಧಿಕಾರ ಸಿಕ್ಕಂಗೆ. ಬರೀ ಸಿಸ್ಟರ್ ಹತ್ರ ಜಗಳ ಆಡಿದ್ರೆ ಅವಳ ಕೈಯಲ್ಲಿ ಏನೂ ಇರಲ್ಲ, ಒಬ್ಬಳೇ ಮೂರು ಪೇಷಂಟ್ ನೋಡ್ಕೊಳ್ತಿರ್ತಾಳೆ, ಅವಳ ಗಡಿಯಾರವೂ ಕೆಟ್ಟೇ ಇರತ್ತೆ.

ಕಣ್ಪಟ್ಟಿ, ಇಯರ್ ಪ್ಲಗ್ ಎರಡೂ ಮೆಡಿಕಲ್ ಶಾಪಲ್ಲೋ ಆನ್‌ಲೈನಲ್ಲೋ ಕಮ್ಮಿ ದುಡ್ಡಿಗೆ ಸಿಗತ್ತೆ. ಬೆಲ್ಜಿಯಂನಲ್ಲಿ 2012ರಲ್ಲಿ ಪ್ರಕಟವಾದ ಒಂದು ಟ್ರಯಲ್‌ನಲ್ಲಿ 136 ಪೇಷಂಟ್‌ಗಳಲ್ಲಿ ಅರ್ಧ ಜನರಿಗೆ ರಾತ್ರಿ ಇಯರ್ ಪ್ಲಗ್ ಹಾಕಿ ನೋಡಿದಾಗ ಹಾಕಿದೋರಲ್ಲಿ ಗೊಂದಲ ಕಮ್ಮಿ ಇತ್ತು, ಅದೂ ಮೊದಲ ರಾತ್ರಿಯಿಂದ ಹಾಕಿದ್ರೆ ಒಳ್ಳೇದು ಅಂತ ಕಂಡಿತು. ಆದ್ರೆ ಕೆಲವು ಕಂಡೀಷನ್ ಇದೆ. ಪೇಷಂಟ್ ಎಚ್ಚರ ಇದ್ದು ಬೇಕು ಅನ್ಬೇಕು. ಕೈ ಕಟ್ಟಿರೋರಿಗೆ, ಭಯದಲ್ಲಿ ಇರೋರಿಗೆ ಕಣ್ಣು ಕಟ್ಟಿದ್ರೆ ಇನ್ನೂ ಭಯ. ಕಿವಿ ಸೋರ್ತಿದ್ರೆ ಪ್ಲಗ್ ಬೇಡ. ಬೆಳಗ್ಗೆ ಎರಡೂ ತೆಗೀಲೇಬೇಕು, ಹನ್ನೊಂದು ಗಂಟೆಗೆ ವಿಸಿಟರ್ ಬಂದಾಗ್ಲೂ ಕಣ್ಪಟ್ಟಿ ಹಾಗೇ ಇದ್ರೆ ಪ್ರಯೋಜನ ಇಲ್ಲ, ನಷ್ಟ ಇದೆ.

ಹಂತ 7: ಔಷಧಿ ವಿಷಯದಲ್ಲಿ ಒತ್ತಾಯ ಬೇಡ

ಆ ನಿದ್ದೆ ಮಾತ್ರೆ ಪ್ರಶ್ನೆ. ಸೆಡೇಷನ್ ಅಂದ್ರೆ ನಿದ್ದೆ ಅಲ್ಲ. ಹೊರಗಿಂದ ಎರಡೂ ಒಂದೇ ಥರ ಕಾಣತ್ತೆ, ಮೆದುಳಿನ ಅಲೆ ರೆಕಾರ್ಡ್ ಮಾಡಿದ್ರೆ ಬೇರೆ. ಮಿಡಜೋಲಾಂ, ಲೋರಜೆಪಾಂ ಗುಂಪಿನ ಔಷಧಿಗಳು ಗಾಢ ನಿದ್ದೆನ ಕಮ್ಮಿ ಮಾಡ್ತವೆ, ಡೆಲಿರಿಯಂ ಸಾಧ್ಯತೆ ಜಾಸ್ತಿ ಮಾಡ್ತವೆ, ಅದರಲ್ಲೂ ವಯಸ್ಸಾದವ್ರಲ್ಲಿ. ಫಿಟ್ಸ್, ಕುಡಿತ ಬಿಟ್ಟಾಗಿನ ತೊಂದರೆ ಇಂಥದ್ದಕ್ಕೆ ಅವು ಬೇಕೇ ಬೇಕು, ಆದ್ರೆ ಮನೆಯವ್ರ ಒತ್ತಾಯಕ್ಕೆ "ರಾತ್ರಿ ಮಲಗಿಸೋಕೆ" ಕೊಟ್ರೆ ಇವತ್ತಿನ ರಾತ್ರಿ ಶಾಂತ, ನಾಳೆ ಹಗಲೆಲ್ಲ ಮಂಪರು, ನಾಡಿದ್ದು ರಾತ್ರಿ ಮತ್ತೆ ಎಚ್ಚರ. ಹಾಗಾಗಿ ಮಾತ್ರೆ ಕೇಳೋ ಬದ್ಲು "ನೋವು ಕಂಟ್ರೋಲ್ ಇದೆಯಾ? ಸೆಡೇಷನ್ ಹಗಲಲ್ಲಿ ಕಮ್ಮಿ ಮಾಡೋಕಾಗತ್ತಾ? ಮೋಷನ್ ಆಗಿ ಎಷ್ಟು ದಿನ ಆಯ್ತು?" ಅಂತ ಕೇಳಿ. ಮಲಬದ್ಧತೆಯಿಂದ ರಾತ್ರಿಯೆಲ್ಲ ಹೊರಳಾಡೋ ಅಜ್ಜಂದಿರನ್ನ ನೋಡಿದ್ರೆ ನೀವು ನಗಲ್ಲ.

ಮೆಲಟೋನಿನ್ ಬಗ್ಗೆ ವಾಟ್ಸಾಪಲ್ಲಿ ಓದ್ಕೊಂಡು ಬರೋರು ಈಗ ಜಾಸ್ತಿ. ಅದು ದೊಡ್ಡ ಅಪಾಯದ ಮಾತ್ರೆ ಅಲ್ಲ, ಕೆಲವು ಡಾಕ್ಟರ್‌ಗಳು ಕೊಡ್ತಾರೆ, ಆದ್ರೆ ಪವಾಡ ಏನಿಲ್ಲ, ಆಸ್ಟ್ರೇಲಿಯಾದ ಐಸಿಯುಗಳಲ್ಲಿ 800ಕ್ಕೂ ಹೆಚ್ಚು ಜನರಿಗೆ ಮಾಡಿದ ಟ್ರಯಲ್, 2022ರಲ್ಲಿ ಬಂದಿದ್ದು, ದಿನಾ ರಾತ್ರಿ 4 ಮಿಲಿಗ್ರಾಂ ಕೊಟ್ರೂ ಡೆಲಿರಿಯಂ ಕಮ್ಮಿ ಆಗ್ಲಿಲ್ಲ. ಮನೆಯಿಂದ ಯಾವ ಮಾತ್ರೆನೂ, ಕಷಾಯಾನೂ, ಜಾಯಿಕಾಯಿ ತೇದಿದ್ದೂ ಗುಟ್ಟಾಗಿ ತಂದು ಬಾಯಿಗೆ ಹಾಕ್ಬೇಡಿ, ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದ್ರೆ ಅಲ್ಲಿಗೆ ಮುಗೀತು.

ಹಂತ 8: ಒಂದು ನೋಟ್‌ಬುಕ್

ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಐಸಿಯು ಡೈರಿ ಅಂತ ಇಡ್ತಾರೆ, ನರ್ಸ್, ಮನೆಯವ್ರು ಇಬ್ರೂ ದಿನಾ ನಾಲ್ಕು ಸಾಲು ಬರೀತಾರೆ. ನೀವೂ ಬರೀರಿ: ಇವತ್ತು ಪೈಪ್ ತೆಗೆದ್ರು, ಇವತ್ತು ಅತ್ತೆ ಬಂದಿದ್ರು, ಇವತ್ತು ನೀನು ಬಸ್ ಬಂತು ಇಳೀಬೇಕು ಅಂತಿದ್ದೆ. ವಾಸಿ ಆದ್ಮೇಲೆ ಪೇಷಂಟ್‌ಗೆ ಆ ದಿನಗಳ ನೆನಪು ಇರಲ್ಲ, ಇದ್ರೂ ಅರ್ಧ ಭ್ರಮೆ, ನಡೆದಿದ್ದು ಯಾವುದು ಕಂಡಿದ್ದು ಯಾವುದು ಅಂತ ಬೇರೆ ಮಾಡೋಕೆ ಇದು ಬೇಕಾಗತ್ತೆ.

ನಿಮ್ಮ ಬಗ್ಗೆ ಎರಡೇ ಮಾತು. ರಾತ್ರಿ ಹೊರಗೆ ಕಾಯೋರು ಪಾಳಿ ಹಾಕ್ಕೊಳ್ಳಿ, ಬೆಳಗ್ಗೆ ಪೇಷಂಟ್ ಜೊತೆ ಕೂರೋರು ಹಿಂದಿನ ರಾತ್ರಿ ಮನೇಲಿ ಮಲಗಿರ್ಬೇಕು. ವಿಸಿಟಿಂಗ್ ಟೈಮ್ ಜಾಸ್ತಿ ಕೊಡೋದ್ರ ಬಗ್ಗೆ ಬ್ರೆಜಿಲ್‌ನಲ್ಲಿ 36 ಐಸಿಯುಗಳಲ್ಲಿ ದೊಡ್ಡ ಅಧ್ಯಯನ ಆಯ್ತು, 2019ರಲ್ಲಿ ಪ್ರಕಟವಾಯ್ತು, ಅದರಿಂದ ಪೇಷಂಟ್‌ಗಳ ಡೆಲಿರಿಯಂ ಅಷ್ಟೇನೂ ಬದಲಾಗ್ಲಿಲ್ಲ, ಮನೆಯವ್ರ ಆತಂಕ ಮಾತ್ರ ಕಮ್ಮಿ ಆಯ್ತು. ಹಾಗಾಗಿ ನೀವು 24 ಗಂಟೆ ಅಲ್ಲೇ ಇರ್ಲಿಲ್ಲ ಅಂತ ಹೀಗಾಯ್ತು ಅನ್ನೋ ಪಾಪಪ್ರಜ್ಞೆ ಬೇಡ.

ಹಂತ 9: ಮನೆಗೆ ಬಂದ್ಮೇಲೆ

ಡಿಸ್ಚಾರ್ಜ್ ಆದ ದಿನವೇ ಗಡಿಯಾರ ಸರಿ ಹೋಗಲ್ಲ. ವಾರಗಟ್ಟಲೆ, ಕೆಲವ್ರಿಗೆ ತಿಂಗಳುಗಟ್ಟಲೆ ಬೇಕು, ಬಹುಪಾಲು ಜನರಿಗೆ ನಿಧಾನಕ್ಕೆ ಸುಧಾರಿಸತ್ತೆ. ಕೋಣೆಯಲ್ಲಿ ಪರದೆ ಹಾಕಿ "ರೆಸ್ಟ್" ಮಾಡಿಸೋದೇ ದೊಡ್ಡ ತಪ್ಪು. ಬೆಳಗ್ಗೆ ಒಂದೇ ಹೊತ್ತಿಗೆ ಎಬ್ಬಿಸಿ, ರಾತ್ರಿ ಎಷ್ಟೇ ಕೆಟ್ಟದಾಗಿ ಮಲಗಿದ್ರೂ. ಎದ್ದ ಒಂದು ಗಂಟೆ ಒಳಗೆ ಜಗಲಿ, ಅಂಗಳ, ಟೆರೇಸು, ಬಾಲ್ಕನಿ ಎಲ್ಲಾದ್ರೂ ಬಯಲು ಬೆಳಕಲ್ಲಿ ಅರ್ಧ ಗಂಟೆ ಕೂರಿಸಿ, ಮಲೆನಾಡಿನ ಮಳೆಗಾಲದ ಮೋಡದ ಬೆಳಕೂ ಮನೆಯೊಳಗಿನ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಮಧ್ಯಾಹ್ನ ಮಲಗಿದ್ರೆ ಅರ್ಧ ಮುಕ್ಕಾಲು ಗಂಟೆ, ಮೂರು ಗಂಟೆ ಒಳಗೆ ಎಬ್ಬಿಸ್ಬಿಡಿ. ಕಾಫಿ ಟೀ ಮಧ್ಯಾಹ್ನದ ನಂತರ ಬೇಡ. ರಾತ್ರಿ ಊಟ ಎಂಟರೊಳಗೆ. ಸೀರಿಯಲ್ ನೋಡ್ಲಿ ಪಾಪ, ಆದ್ರೆ ಮಲಗೋ ಕೋಣೇಲಿ ಟಿವಿ ಬೇಡ.

ಡಿಸ್ಚಾರ್ಜ್ ಸಮ್ಮರಿ ಹಿಡ್ಕೊಂಡು ಮಾತ್ರೆ ಟೈಮ್ ಬಗ್ಗೆ ಕೇಳಿ. ಯೂರಿನ್ ಹೋಗೋ ಮಾತ್ರೆ ಸಂಜೆ ಕೊಟ್ರೆ ರಾತ್ರಿ ನಾಲ್ಕು ಸಲ ಎದ್ದೇಳ್ತಾರೆ, ಕಾಲಲ್ಲಿ ಶಕ್ತಿ ಇಲ್ಲದೋರು ಬಾತ್‌ರೂಮಲ್ಲಿ ಬೀಳ್ತಾರೆ. ಸ್ಟೀರಾಯ್ಡ್ ಮಾತ್ರೆನೂ ಸಾಮಾನ್ಯವಾಗಿ ಬೆಳಗ್ಗೆ, ರಾತ್ರಿ ಕೊಟ್ರೆ ನಿದ್ದೆ ಹಾರಿಹೋಗತ್ತೆ. ನೀವೇ ಬದಲಾಯಿಸ್ಬೇಡಿ, ಡಾಕ್ಟರ್‌ನ ಕೇಳಿ ಬದಲಾಯಿಸಿ. ಐಸಿಯುನಲ್ಲಿ ಶುರು ಮಾಡಿದ ನಿದ್ದೆ ಅಥವಾ ಮಂಪರಿನ ಮಾತ್ರೆ ಇನ್ನೂ ಲಿಸ್ಟಲ್ಲಿದ್ರೆ ಎಷ್ಟು ದಿನ ಅಂತ ಕೇಳ್ಲೇಬೇಕು, ಅದು ಸುಮ್ಮನೆ ಮುಂದುವರಿದು ವರ್ಷಗಟ್ಟಲೆ ಉಳ್ಕೊಳ್ಳೋದು ಬಹಳ ಸಾಮಾನ್ಯ.

ಕಾಯೋದು ಬೇಡ, ತಕ್ಷಣ ಹೋಗಿ ಅನ್ನೋದು ಇವು: ಚೆನ್ನಾಗಿದ್ದೋರು ಒಂದೆರಡು ದಿನದಲ್ಲಿ ಮತ್ತೆ ಗೊಂದಲಕ್ಕೆ ಬಿದ್ರೆ, ಅದು ಹೊಸ ಸೋಂಕು, ಶುಗರ್ ಅಥವಾ ಸೋಡಿಯಂ ಏರುಪೇರು ಏನಾದ್ರೂ ಆಗಿರ್ಬಹುದು. ಜ್ವರ, ಉಸಿರಾಟದ ತೊಂದರೆ, ಎಬ್ಬಿಸಿದ್ರೆ ಏಳದೇ ಇರೋದು. ಬದುಕೋದೇ ಬೇಡ ಅನ್ನೋ ಮಾತು. ರಾತ್ರಿ ಗೊರಕೆ ಮಧ್ಯೆ ಉಸಿರು ನಿಲ್ಲೋ ಥರ ಆಗೋದನ್ನ ಮುಂದಿನ ಫಾಲೋಅಪ್‌ಗೆ ಮೊಬೈಲಲ್ಲಿ ವಿಡಿಯೋ ಮಾಡ್ಕೊಂಡು ಹೋಗಿ ತೋರಿಸಿ. ಫಾಲೋಅಪ್‌ಗೆ ಒಂದು ವಾರ ಮುಂಚೆಯಿಂದ ಎಷ್ಟೊತ್ತಿಗೆ ಮಲಗಿದ್ರು, ಎಷ್ಟು ಸಲ ಎದ್ರು, ಹಗಲು ಎಷ್ಟು ಮಲಗಿದ್ರು ಅಂತ ಅದೇ ನೋಟ್‌ಬುಕ್ಕಲ್ಲಿ ಬರೆದಿಡಿ, ಯಾಕಂದ್ರೆ ಡಾಕ್ಟರ್ ಎಕ್ಸ್‌ರೇ ನೋಡ್ತಾರೆ, ಬಿಪಿ ನೋಡ್ತಾರೆ, ನಿದ್ದೆ ಬಗ್ಗೆ ನೀವಾಗಿ ಬಾಯಿ ಬಿಡೋವರೆಗೂ ಹೆಚ್ಚಿನವ್ರು ಕೇಳಲ್ಲ.